ಶಾಪದ ಕಥೆಯೂ ಅಟ್ಟದ ಮೌನವೂ

ಫುಟ್‌ಬಾಲ್ ಬಲ್ಲವರ ನಡುವೆ ಬೇಲಾ ಗುಟ್‌ಮನ್ ಎಂಬ ಹೆಸರು ಬಂದರೆ ಅದರ ಬೆನ್ನಿಗೇ ಒಂದು ಶಾಪದ ಕಥೆ ಬರುತ್ತದೆ. ಪೋರ್ಚುಗಲ್ ದೇಶದ ಲಿಸ್ಬನ್ ನಗರದ ಬೆನ್ಫಿಕಾ ಸಂಘವು ಈತನ ತರಬೇತಿಯಲ್ಲಿ 1961 ಮತ್ತು 1962ರಲ್ಲಿ ಸತತವಾಗಿ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದಿತು. ಎರಡನೆಯ ಗೆಲುವಿನ ನಂತರ ಆತ ತನ್ನ ಸಂಬಳ ಹೆಚ್ಚಿಸಬೇಕೆಂದು ಕೇಳಿದನಂತೆ. ಆಡಳಿತ ಮಂಡಳಿ ಒಪ್ಪಲಿಲ್ಲವಂತೆ. ಇನ್ನು ನೂರು ವರ್ಷ ಈ ಸಂಘಕ್ಕೆ ಯುರೋಪಿನ ಕಪ್ ದಕ್ಕದಿರಲೆಂದು ಶಪಿಸಿ ಆತ ಹೊರಟುಹೋದನಂತೆ. ಮುಂದೆ 1963, 1965, 1968, 1983, 1988, 1990, 2013, 2014 ಹೀಗೆ ಎಂಟು ಯುರೋಪಿಯನ್ ಅಂತಿಮ ಪಂದ್ಯಗಳಲ್ಲಿ ಬೆನ್ಫಿಕಾ ಸೋತದ್ದು ಮಾತ್ರ ದಾಖಲೆಯ ಸಂಗತಿ. ಎಂಟು ಸೋಲುಗಳ ದಾಖಲೆಯನ್ನು ಹಿಡಿದುಕೊಂಡು ಜನರು 'ಅಂತೆ'ಗಳನ್ನೆಲ್ಲ ನಿಜವಾಗಿಸಿಕೊಂಡರು. 1990ರ ಅಂತಿಮ ಪಂದ್ಯ ವಿಯೆನ್ನಾದಲ್ಲಿ ನಡೆದಾಗ, ಬೆನ್ಫಿಕಾದ ಮಹಾನ್ ಆಟಗಾರ ಎಉಸೇಬಿಯೋ ಅಲ್ಲಿಯೇ ಇದ್ದ ಗುಟ್‌ಮನ್ನನ ಸಮಾಧಿಯ ಬಳಿ ಶಾಪವಿಮೋಚನೆಗಾಗಿ ಪ್ರಾರ್ಥಿಸಿದನೆಂಬ ವರದಿಯೂ ಪ್ರಸಿದ್ಧವಾಗಿದೆ.

ಕಥೆ ರಂಜಕವಾಗಿದೆ. ಆದರೆ ಈ ರಂಜಕತೆಯೇ ಒಂದು ಅನ್ಯಾಯವನ್ನೂ ಮಾಡಿದೆ. 82 ವರ್ಷ ಬದುಕಿದ ಮನುಷ್ಯನೊಬ್ಬನ ಬಾಳು ಒಂದು ಸಿಟ್ಟಿನ ಮಾತಿಗೆ ಇಳಿದು ನಿಂತಿದೆ. ಅದೇ ಬಾಳಿನಲ್ಲಿ 1939ರಿಂದ 1945ರವರೆಗಿನ ಸುಮಾರು ಆರು ವರ್ಷಗಳು ಬಹುಕಾಲ ಖಾಲಿಯಾಗಿಯೇ ಉಳಿದಿದ್ದವು. ಆ ಖಾಲಿ ಜಾಗವನ್ನು ಯಾರೂ ಗಂಭೀರವಾಗಿ ಪ್ರಶ್ನಿಸಲಿಲ್ಲ. ಶಾಪದ ಕಥೆಯನ್ನು ಮಾತ್ರ ಎಲ್ಲರೂ ಹೇಳಿದರು. ಜೀವನಚರಿತ್ರೆಯನ್ನೂ ಆತ್ಮಕಥೆಯನ್ನೂ ಒಂದು ಸಾಹಿತ್ಯಪ್ರಕಾರವಾಗಿ ಅಭ್ಯಸಿಸುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಗುಟ್‌ಮನ್ನನ ಉದಾಹರಣೆ ಉಪಯುಕ್ತವಾಗುವುದು ಇಲ್ಲಿಯೇ. ಒಂದು ಬದುಕಿನ ಕುರಿತು ಹೆಚ್ಚು ಪ್ರಚಾರದಲ್ಲಿರುವ ಕಥೆಯೇ ಆ ಬದುಕಿನ ಮುಖ್ಯ ಸಂಗತಿ ಎಂದು ಓದುಗನು ನಂಬಬಾರದು. ಪುಟಗಳು ಎಲ್ಲಿ ಸದ್ದಿಲ್ಲದೆ ಮುಗುಚುತ್ತವೆಯೋ ಅಲ್ಲಿ ನಿಂತು ಕೇಳುವುದನ್ನು ಆತ ಕಲಿಯಬೇಕು.

ಗುಟ್‌ಮನ್ ಹುಟ್ಟಿದ್ದು 1899ರ ಜನವರಿ 27ರಂದು, ಹಂಗೇರಿಯ ಬುಡಾಪೆಸ್ಟಿನ ಒಂದು ಯಹೂದಿ ಕುಟುಂಬದಲ್ಲಿ. ತಂದೆತಾಯಿಗಳಿಬ್ಬರೂ ನೃತ್ಯಶಿಕ್ಷಕರು, ಮಗನೂ ಹದಿಹರೆಯದಲ್ಲಿಯೇ ನೃತ್ಯಶಿಕ್ಷಕನ ಅರ್ಹತೆ ಪಡೆದವನು. ಮೈದಾನದಲ್ಲಿ ಅವನ ಕಾಲುಗಳ ಲಾಘವಕ್ಕೆ ಈ ಶಿಕ್ಷಣವೇ ಕಾರಣವೆಂದು ಹೇಳುವವರಿದ್ದಾರೆ. ಬುಡಾಪೆಸ್ಟಿನ ಎಂಟಿಕೆ ಸಂಘ ಆಗ ಹಂಗೇರಿಯಲ್ಲಿ ಸರಿಸಾಟಿಯಿಲ್ಲದ್ದು. ನಗರದ ಸುಶಿಕ್ಷಿತ ಯಹೂದಿ ಮಧ್ಯಮವರ್ಗದೊಡನೆ ಆ ಸಂಘಕ್ಕೆ ನಿಕಟ ಸಂಬಂಧವಿತ್ತು. ಗುಟ್‌ಮನ್ ಅಲ್ಲಿ ಆಡಿ ರಾಷ್ಟ್ರೀಯ ಚಾಂಪಿಯನ್ ತಂಡದ ಭಾಗವಾದ, ದೇಶದ ತಂಡದ ಅಂಗಿಯನ್ನೂ ತೊಟ್ಟ.

ಆದರೆ ಮೊದಲನೆಯ ಮಹಾಯುದ್ಧ ಮುಗಿದ ಮೇಲಿನ ಹಂಗೇರಿ ಯಹೂದಿಗಳಿಗೆ ಮೊದಲಿನ ಹಂಗೇರಿಯಾಗಿರಲಿಲ್ಲ. ಅಡ್ಮಿರಲ್ ಹೋರ್ತಿಯ ಆಡಳಿತ ಬಂದಿತ್ತು. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು 1920ರಲ್ಲಿಯೇ ಜಾರಿಗೆ ಬಂದಿತು. ಬೀದಿಗಳಲ್ಲಿ ಹಲ್ಲೆ ನಡೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಗುಟ್‌ಮನ್ ಬುಡಾಪೆಸ್ಟ್ ಬಿಟ್ಟು ವಿಯೆನ್ನಾ ಸೇರಿದ. ಅದು ಅವನ ಮೊದಲ ವಲಸೆ. ಆಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ವಿಯೆನ್ನಾದಲ್ಲಿ ಅವನು ಸೇರಿದ ಸಂಘ ಹಕೋಆ. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಬಲವೆಂದು ಅರ್ಥ. 1909ರಲ್ಲಿ ಇದನ್ನು ಕಟ್ಟಿದವರಲ್ಲಿ ಗೀತರಚನಕಾರ ಫ್ರಿಟ್ಸ್ ಲೋನರ್-ಬೇಡ ಒಬ್ಬ. ಯಹೂದಿಗಳು ಪುಸ್ತಕ ಹಿಡಿದು ಬಾಗಿದ ಬೆನ್ನಿನವರು, ಮೈಬಲವಿಲ್ಲದವರು ಎಂಬ ಹೀಯಾಳಿಕೆಗೆ ಮೈದಾನದಲ್ಲಿ ಉತ್ತರ ಕೊಡಬೇಕೆಂಬುದು ಈ ಸಂಘದ ಛಲ. ಆಟಗಾರರ ಎದೆಯ ಮೇಲೆ ದಾವೀದನ ನಕ್ಷತ್ರದ ಚಿಹ್ನೆ ಇರುತ್ತಿತ್ತು. ಅದನ್ನು ಅವರು ತಾವಾಗಿಯೇ, ಅಭಿಮಾನದಿಂದ ಧರಿಸುತ್ತಿದ್ದರು. ಎರಡು ದಶಕಗಳೊಳಗೆ ಅದೇ ನಕ್ಷತ್ರವನ್ನು ಅವಮಾನದ ಗುರುತಾಗಿ ಯುರೋಪಿನ ಯಹೂದಿಗಳ ಅಂಗಿಗೆ ಬಲವಂತವಾಗಿ ಹೊಲಿಸಲಾಯಿತು ಎಂಬುದನ್ನು ನೆನೆದರೆ ಆ ಅಭಿಮಾನದ ಬೆಲೆ ತಿಳಿಯುತ್ತದೆ.

1924-25ರಲ್ಲಿ ಆಸ್ಟ್ರಿಯಾ ತನ್ನ ಮೊದಲ ವೃತ್ತಿಪರ ಲೀಗ್ ನಡೆಸಿದಾಗ ಅದನ್ನು ಗೆದ್ದದ್ದು ಹಕೋಆ. ಪ್ರಶಸ್ತಿಯನ್ನು ನಿರ್ಧರಿಸಿದ ಪಂದ್ಯದಲ್ಲಿ ಗೋಲಿ ಶಾಂದೋರ್ ಫಾಬಿಯಾನನ ತೋಳು ಮುರಿಯಿತು. ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಫಾಬಿಯಾನ್ ತೋಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಮುಂಪಂಕ್ತಿಗೆ ಹೋಗಿ ನಿಂತ. ಗೆಲುವಿನ ಗೋಲನ್ನು ಅವನೇ ಹೊಡೆದ. ಆ ತಂಡದ ನಡುಪಂಕ್ತಿಯ ಆಧಾರಸ್ತಂಭ ಗುಟ್‌ಮನ್.

ಇದಕ್ಕೆ ಒಂದು ವರ್ಷ ಮೊದಲು, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಅವನು ಹಂಗೇರಿಯ ಪರವಾಗಿ ಆಡಿದ್ದ. ಈಜಿಪ್ಟ್ ವಿರುದ್ಧ 3-0 ಅಂತರದಿಂದ ಆ ತಂಡ ಸೋತಿತು. ಆಟಗಾರರಿಗಿಂತ ಅಧಿಕಾರಿಗಳೇ ಹೆಚ್ಚಾಗಿ ಬಂದಿದ್ದರು, ವಸತಿಯಲ್ಲಿ ಇಲಿಗಳ ಕಾಟವಿತ್ತು, ಗುಟ್‌ಮನ್ ಸತ್ತ ಇಲಿಗಳನ್ನು ಅಧಿಕಾರಿಗಳ ಕೋಣೆಯ ಬಾಗಿಲಿಗೆ ನೇತುಹಾಕಿದ ಎಂಬುದು ಅವನ ಬಗ್ಗೆ ಪ್ರಚಲಿತವಾಗಿರುವ ಇನ್ನೊಂದು ಕಥೆ. ಇಲಿಯ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಆದರೆ ಆ ತಂಡದಲ್ಲಿ ಯಾರು ಯಾರಿದ್ದರು ಎಂದು ಕೇಳಿದರೆ ಬೇರೆಯೇ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಅಲ್ಲಿ ಅರ್ಪಾದ್ ವೈಸ್ ಇದ್ದ. ಮುಂದೆ ಇಟಲಿಗೆ ವಲಸೆ ಹೋಗಿ ಇಂಟರ್ ಸಂಘಕ್ಕೂ ಬೊಲೋನ್ಯಾ ಸಂಘಕ್ಕೂ ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ತರಬೇತುದಾರ ಅವನು. 1938ರ ಜನಾಂಗೀಯ ಕಾನೂನುಗಳು ಅವನನ್ನು ಇಟಲಿಯಿಂದ ಹೊರಗಟ್ಟಿದವು. ನೆದರ್ಲೆಂಡ್ಸ್‌ನಲ್ಲಿ ಸಿಕ್ಕಿಬಿದ್ದ ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು 1942ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲ್ಲಲಾಯಿತು. ಅವನೂ 1944ರ ಜನವರಿಯಲ್ಲಿ ಅಲ್ಲಿಯೇ ಸತ್ತ. ಯೋಜೆಫ್ ಬ್ರೌನ್ ಇದ್ದ. ಎಂಟಿಕೆಯ ಆ ಅಪ್ರತಿಮ ಆಟಗಾರ 1943ರಲ್ಲಿ ಪೂರ್ವ ರಣರಂಗದ ಬಲವಂತದ ಕಾರ್ಮಿಕ ದಳದಲ್ಲಿ ಪ್ರಾಣಬಿಟ್ಟ. ಗ್ಯೂಲಾ ಮಾಂಡಿ ಇದ್ದ. ಅಂಥದೇ ಕಾರ್ಮಿಕ ದಳದಿಂದ ಬದುಕಿ ಬಂದು 1950ರ ದಶಕದ ಹಂಗೇರಿಯ ಸುವರ್ಣ ತಂಡವನ್ನು ರೂಪಿಸಿದವರಲ್ಲಿ ಒಬ್ಬನಾದ. ಒಂದೇ ತಂಡ, ಒಂದೇ ಅಂಗಿ. ಇಪ್ಪತ್ತು ವರ್ಷಗಳಲ್ಲಿ ಈ ಪರಿ. ಇಲಿಗಳ ಕಥೆಯನ್ನು ಹೇಳುವ ಲೇಖನಗಳಲ್ಲಿ ಈ ಹೆಸರುಗಳು ವಿರಳವಾಗಿ ಕಾಣುತ್ತವೆ.

1926ರಲ್ಲಿ ಹಕೋಆ ತಂಡ ಅಮೆರಿಕಕ್ಕೆ ಪ್ರವಾಸ ಹೋಯಿತು. ಮೇ 1ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅದರ ಆಟ ನೋಡಲು 46,000 ಜನ ಸೇರಿದ್ದರು. ಅರ್ಧ ಶತಮಾನದವರೆಗೆ ಅಮೆರಿಕದ ಫುಟ್‌ಬಾಲ್ ಆ ಸಂಖ್ಯೆಯನ್ನು ಮೀರಲಿಲ್ಲ. ಹಕೋಆದ ಹಲವು ಆಟಗಾರರು ಅಮೆರಿಕದಲ್ಲಿಯೇ ನೆಲೆ ಹುಡುಕಿಕೊಂಡರು. ಯಹೂದಿಯೆಂಬ ಕಾರಣಕ್ಕೆ ಮೈದಾನದಲ್ಲಿ ಬೈಗುಳ ಕೇಳಬೇಕಾಗಿಲ್ಲದ ದೇಶ, ಜೊತೆಗೆ ಒಳ್ಳೆಯ ಸಂಬಳ. ಗುಟ್‌ಮನ್ ನ್ಯೂಯಾರ್ಕಿನ ಸಂಘಗಳಿಗೆ ಆಡಿದ. 1929ರಲ್ಲಿ ನ್ಯೂಯಾರ್ಕ್ ಹಕೋಆ ತಂಡದೊಡನೆ ಅಮೆರಿಕದ ರಾಷ್ಟ್ರೀಯ ಕಪ್ ಗೆದ್ದ. ಮದ್ಯನಿಷೇಧದ ಕಾಲದ ಒಂದು ಗುಪ್ತ ಪಾನಗೃಹದಲ್ಲಿ ಪಾಲು ಕೊಂಡು ಹಣವನ್ನೂ ಮಾಡಿದ. ಅದೇ ವರ್ಷದ ಕೊನೆಗೆ ಷೇರುಪೇಟೆ ಕುಸಿದಾಗ ಅದೆಲ್ಲವೂ ಹೋಯಿತು. 1932ರಲ್ಲಿ ವಿಯೆನ್ನಾಕ್ಕೆ ಮರಳಿದ. ಹಿಟ್ಲರನು ಜರ್ಮನಿಯ ಅಧಿಕಾರ ಹಿಡಿಯಲು ಆಗ ಕೆಲವೇ ತಿಂಗಳು ಉಳಿದಿದ್ದವು.

ಮುಂದಿನ ಕೆಲವು ವರ್ಷ ಹಕೋಆಕ್ಕೂ ನೆದರ್ಲೆಂಡ್ಸ್‌ನ ಎನ್‌ಷೆಡೆ ನಗರದ ಸಂಘಕ್ಕೂ ತರಬೇತಿ ಕೊಟ್ಟ. 1938ರ ಮಾರ್ಚಿಯಲ್ಲಿ ಆಸ್ಟ್ರಿಯಾವನ್ನು ನಾಜಿ ಜರ್ಮನಿ ನುಂಗಿದಾಗ ಹಕೋಆ ಸಂಘವನ್ನೇ ಮುಚ್ಚಿಸಲಾಯಿತು. ಆ ಋತುವಿನ ಅದರ ಫಲಿತಾಂಶಗಳನ್ನು ಲೆಕ್ಕದಿಂದ ಅಳಿಸಿಹಾಕಲಾಯಿತು. ಸಂಘವನ್ನು ಕಟ್ಟಿದ ಲೋನರ್-ಬೇಡ 1942ರಲ್ಲಿ ಆಶ್‌ವಿಟ್ಸ್‌ನಲ್ಲಿ ಸತ್ತ. ಗುಟ್‌ಮನ್ ಹುಟ್ಟಿದ ನಾಡಿಗೆ ಬಂದು ಊಯ್‌ಪೆಶ್ತ್ ಸಂಘದ ತರಬೇತುದಾರನಾದ. 1939ರಲ್ಲಿ ಆ ಸಂಘ ಹಂಗೇರಿಯ ಲೀಗನ್ನೂ ಮಧ್ಯ ಯುರೋಪಿನ ಮಿತ್ರೋಪಾ ಕಪ್ಪನ್ನೂ ಗೆದ್ದಿತು. ನಲವತ್ತರ ಹರೆಯದಲ್ಲಿ ಅವನು ತನ್ನ ವೃತ್ತಿಯ ಶಿಖರದಲ್ಲಿದ್ದ. ಹಂಗೇರಿಯ ಯಹೂದಿವಿರೋಧಿ ಕಾನೂನುಗಳು ಆಗಲೇ ಬಿಗಿಯಾಗುತ್ತಿದ್ದವು. ಆ ಮೇಲೆ ಅವನ ಹೆಸರು ದಾಖಲೆಗಳಿಂದ ಕಾಣೆಯಾಗುತ್ತದೆ. ಮತ್ತೆ ಕಾಣಿಸುವುದು 1945ರಲ್ಲಿ, ಬುಡಾಪೆಸ್ಟಿನ ವಾಶಾಶ್ ಸಂಘದ ತರಬೇತುದಾರನಾಗಿ.

ನಡುವಿನ ಆರು ವರ್ಷ ಅವನು ಎಲ್ಲಿದ್ದ? ಸ್ವಿಟ್ಜರ್ಲೆಂಡಿನಲ್ಲಿದ್ದನೆಂದು ಬರೆದವರುಂಟು. 1964ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವನ ಜೀವನಕಥನವು ಆ ಕಾಲದ ಬಗ್ಗೆ ಹೇಳುವುದಿಷ್ಟೇ: ಆ ದಿನಗಳ ಕುರಿತು ಲೆಕ್ಕವಿಲ್ಲದಷ್ಟು ಪುಸ್ತಕಗಳು ಬಂದಿವೆ, ಅದೇ ವಿವರಗಳಿಂದ ಓದುಗರಿಗೆ ತೊಂದರೆ ಕೊಡುವ ಅಗತ್ಯವಿಲ್ಲ. ಅಷ್ಟು ಹೇಳಿ ಕಥನ ಮುಂದೆ ಸಾಗುತ್ತದೆ. ಡೇವಿಡ್ ಬೋಲ್ಚೋವರ್ ಎಂಬ ಲೇಖಕ ಪಟ್ಟು ಹಿಡಿದು ಹುಡುಕಿ 2017ರಲ್ಲಿ ಪುಸ್ತಕ ಪ್ರಕಟಿಸುವವರೆಗೂ ಆ ಜಾಗ ಬಹುಪಾಲು ಖಾಲಿಯೇ ಇತ್ತು.

ಆ ಸಂಶೋಧನೆಯಿಂದ ಹೊರಬಂದ ಸಂಗತಿ ಇದು. ಗುಟ್‌ಮನ್ ಹಂಗೇರಿಯಲ್ಲಿಯೇ ಇದ್ದ. 1944ರ ಮಾರ್ಚ್ 19ರಂದು ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳ ಮಧ್ಯದಿಂದ ಜುಲೈ ಮೊದಲ ವಾರದವರೆಗಿನ ಎಂಟು ವಾರಗಳಲ್ಲಿ ಸುಮಾರು 4,37,000 ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುತೇಕರು ಹೋದದ್ದು ಆಶ್‌ವಿಟ್ಸ್‌ಗೆ. ಜುಲೈ ಆರಂಭದಲ್ಲಿ ಹೋರ್ತಿ ಈ ಸಾಗಣೆಯನ್ನು ನಿಲ್ಲಿಸಿದ್ದರಿಂದ ಬುಡಾಪೆಸ್ಟ್ ನಗರದೊಳಗಿನ ಯಹೂದಿಗಳು ಆ ಗಳಿಗೆಗೆ ಉಳಿದುಕೊಂಡರು. ಆದರೆ ಊಯ್‌ಪೆಶ್ತ್ ಅಂದು ನಗರಪಾಲಿಕೆಯ ಗಡಿಯ ಹೊರಗಿನ ಪ್ರತ್ಯೇಕ ಪಟ್ಟಣ. ಅದು ಬುಡಾಪೆಸ್ಟಿಗೆ ಸೇರಿದ್ದು 1950ರಲ್ಲಿ. ಆದ್ದರಿಂದ ಅಲ್ಲಿಯ ಯಹೂದಿಗಳ ರೈಲು ಹೊರಟೇಹೋಯಿತು. ಆಡಳಿತದ ಗೆರೆಯೆಂದರೆ ಏನೆಂಬುದನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಗೆರೆಯ ಆಚೀಚೆ ಶಾಲೆಯ ಭಾಷೆ ಬದಲಾಗುತ್ತದೆ, ಕಚೇರಿಯ ಅರ್ಜಿ ಬದಲಾಗುತ್ತದೆ. ಅಲ್ಲಿ ಗೆರೆಯ ಆಚೀಚೆ ಬದುಕು ಸಾವುಗಳು ನಿಂತಿದ್ದವು.

ಅದೇ ಊಯ್‌ಪೆಶ್ತಿನಲ್ಲಿ ಒಂದು ಕ್ಷೌರದಂಗಡಿಯ ಮೇಲಿನ ಅಟ್ಟದಲ್ಲಿ ಗುಟ್‌ಮನ್ ಅಡಗಿದ್ದ. ಅಂಗಡಿ ಅವನ ಸಂಗಾತಿ ಮರಿಯಾನಳ ಅಣ್ಣತಮ್ಮಂದಿರಲ್ಲಿ ಒಬ್ಬನದು. ಅವರು ಯಹೂದಿಗಳಲ್ಲ. ಯಹೂದಿಗೆ ಆಶ್ರಯ ಕೊಟ್ಟವರ ತಲೆಗೂ ಅಪಾಯವಿದ್ದ ಕಾಲದಲ್ಲಿ, ಕೆಳಗೆ ಗಿರಾಕಿಗಳು ಬಂದು ಕೂತೇಳುವ ಅಂಗಡಿಯ ನೆತ್ತಿಯ ಮೇಲೆ, ಚಾಂಪಿಯನ್ ತಂಡದ ತರಬೇತುದಾರನೊಬ್ಬ ಉಸಿರು ಬಿಗಿಹಿಡಿದು ಕುಳಿತಿದ್ದ. ಬಳಿಕ ಅವನು ಬಲವಂತದ ಕಾರ್ಮಿಕ ಶಿಬಿರಕ್ಕೆ ಹೋಗಬೇಕಾಯಿತು. 1944ರ ಡಿಸೆಂಬರಿನಲ್ಲಿ, ಶಿಬಿರದವರನ್ನು ದೇಶದಾಚೆಗೆ ಸಾಗಿಸುವ ಮುನ್ನ, ಕಿಟಕಿಯಿಂದ ಜಿಗಿದು ತಪ್ಪಿಸಿಕೊಂಡ. ಜೊತೆಯಲ್ಲಿ ಜಿಗಿದವರಲ್ಲಿ ಇನ್ನೊಬ್ಬ ಫುಟ್‌ಬಾಲ್ ತರಬೇತುದಾರ ಎರ್ನೋ ಎರ್ಬ್‌ಸ್ಟೈನ್ ಇದ್ದ. ಎರ್ಬ್‌ಸ್ಟೈನ್ ಯುದ್ಧದ ನಂತರ ಇಟಲಿಯ ತೊರಿನೋ ಸಂಘಕ್ಕೆ ಮರಳಿ, ಅದನ್ನು ಆ ಕಾಲದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿಸಿ, 1949ರ ಮೇ 4ರಂದು ಸುಪೇರ್ಗಾ ಬೆಟ್ಟಕ್ಕೆ ವಿಮಾನ ಅಪ್ಪಳಿಸಿದಾಗ ತನ್ನ ಆಟಗಾರರೊಡನೆ ಸತ್ತ. ಗುಟ್‌ಮನ್ನನ ತಂದೆಯೂ ಸೋದರಿಯೂ ಅನೇಕ ಬಂಧುಗಳೂ ಆಶ್‌ವಿಟ್ಸ್‌ನಲ್ಲಿ ಹತರಾಗಿದ್ದರು. ಮರಿಯಾನ್ ಅವನ ಹೆಂಡತಿಯಾದಳು.

ಈ ಹಿನ್ನೆಲೆಯನ್ನು ಇಟ್ಟುಕೊಂಡು ಯುದ್ಧದ ನಂತರದ ಗುಟ್‌ಮನ್ನನನ್ನು ನೋಡಿದರೆ, ಪ್ರಚಲಿತ ಕಥೆಗಳ ಅರ್ಥವೇ ಬೇರೆಯಾಗುತ್ತದೆ. ರೊಮೇನಿಯಾದ ಬುಕಾರೆಸ್ಟಿನಲ್ಲಿ ಚೋಕಾನುಲ್ ಎಂಬ ಸಂಘಕ್ಕೆ ತರಬೇತಿ ಕೊಟ್ಟಾಗ ಅವನು ಸಂಬಳದ ಒಂದು ಭಾಗವನ್ನು ತರಕಾರಿಯ ರೂಪದಲ್ಲಿ ಕೊಡುವಂತೆ ಕೇಳಿದ. ಇದನ್ನು ಹಾಸ್ಯಪ್ರಸಂಗವಾಗಿ ಬರೆಯುವುದು ರೂಢಿ. ಆದರೆ ಆಹಾರದ ಅಭಾವವಿದ್ದ ನಾಡಿನಲ್ಲಿ, ಹಿಂದಿನ ಚಳಿಗಾಲಗಳನ್ನು ಹಾಗೆ ಕಳೆದು ಬಂದವನು ನೋಟಿಗಿಂತ ತರಕಾರಿಯನ್ನು ಹೆಚ್ಚು ನಂಬಿದರೆ ಅದರಲ್ಲಿ ನಗುವಂಥದ್ದೇನಿದೆ? ಬುಡಾಪೆಸ್ಟಿನ ಕಿಶ್‌ಪೆಶ್ತ್ ಸಂಘದಲ್ಲಿದ್ದಾಗ ಒಬ್ಬ ಆಟಗಾರನನ್ನು ವಿರಾಮದ ನಂತರ ಮೈದಾನಕ್ಕಿಳಿಯಬೇಡವೆಂದು ಅವನು ಹೇಳಿದ. ತರುಣ ಫೆರೆಂಟ್ಸ್ ಪುಷ್ಕಾಷ್ ಆ ಮಾತನ್ನು ಮೀರಿ ಅವನನ್ನು ಆಡಿಸಿದ. ಗುಟ್‌ಮನ್ ಪ್ರೇಕ್ಷಕರ ನಡುವೆ ಹೋಗಿ ಪತ್ರಿಕೆ ಓದುತ್ತ ಕುಳಿತು, ಆಟ ಮುಗಿದ ಮೇಲೆ ಮನೆಗೆ ಹೋದ. ಆ ಸಂಘಕ್ಕೆ ಮರಳಲಿಲ್ಲ. ಇದನ್ನು ಮುಂಗೋಪವೆನ್ನುತ್ತಾರೆ. ತನ್ನ ಮಾತಿಗೆ ಬೆಲೆಯಿಲ್ಲದ ಜಾಗವನ್ನು ತಡಮಾಡದೆ ಬಿಟ್ಟುಬಿಡಬೇಕೆಂಬುದನ್ನು ಕಾಲವೇ ಅವನಿಗೆ ಕಲಿಸಿತ್ತು ಎನ್ನುವುದೂ ಅಷ್ಟೇ ಸಾಧ್ಯ.

ಅವನು ಜಾಗ ಬಿಡುತ್ತಲೇ ಹೋದ. ಇಟಲಿಯ ಪಾದೋವಾ, ತ್ರಿಯೆಸ್ತೀನಾ, ಅರ್ಜೆಂಟೀನಾ, ಸೈಪ್ರಸ್, ಮತ್ತೆ ಇಟಲಿಯ ಮಿಲಾನ್. 1955ರಲ್ಲಿ ಮಿಲಾನ್ ಲೀಗಿನ ಮೊದಲ ಸ್ಥಾನದಲ್ಲಿದ್ದಾಗಲೇ ಅವನನ್ನು ತೆಗೆದುಹಾಕಲಾಯಿತು. 1956ರ ಹಂಗೇರಿಯ ಬಂಡಾಯವನ್ನು ಸೋವಿಯತ್ ಸೇನೆ ಹತ್ತಿಕ್ಕಿದಾಗ ವಿದೇಶದಲ್ಲಿದ್ದ ಹೊನ್ವೇಡ್ ತಂಡದೊಡನೆ 1957ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ. ಬ್ರೆಜಿಲ್ಲಿನಲ್ಲಿ ಉಳಿದು ಸಾವೊ ಪಾವ್ಲೋ ಸಂಘಕ್ಕೆ ಅದೇ ವರ್ಷ ರಾಜ್ಯ ಚಾಂಪಿಯನ್ ಪಟ್ಟ ಗಳಿಸಿಕೊಟ್ಟ. ನಂತರ ಪೋರ್ಚುಗಲ್ಲಿನ ಪೋರ್ತೊ, 1959ರಲ್ಲಿ ಬೆನ್ಫಿಕಾ. ಒಂದು ಸಂಘದಲ್ಲಿ ಮೂರನೆಯ ವರ್ಷ ತರಬೇತುದಾರನಿಗೆ ಮಾರಕ ಎಂಬುದು ಅವನ ನಂಬಿಕೆಯಾಗಿತ್ತು. ಇದನ್ನು ಫುಟ್‌ಬಾಲ್ ಲೋಕ ಒಂದು ತಂತ್ರಸೂತ್ರವಾಗಿ ಉಲ್ಲೇಖಿಸುತ್ತದೆ. ಹೆಚ್ಚು ದಿನ ಉಳಿದ ಊರೇ ತನ್ನವರಿಗೆ ಬಲೆಯಾದದ್ದನ್ನು ಕಂಡವನ ನಂಬಿಕೆ ಅದೆಂದು ಯಾರೂ ಓದುವುದಿಲ್ಲ.

1961ರ ಮೇ 31ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಬೆನ್ಫಿಕಾ ಬಾರ್ಸೆಲೋನಾವನ್ನು 3-2 ಅಂತರದಿಂದ ಸೋಲಿಸಿತು. ಬಾರ್ಸೆಲೋನಾದ ಎರಡೂ ಗೋಲುಗಳನ್ನು ಹೊಡೆದವರು ಹಂಗೇರಿಯಿಂದ ದೇಶಾಂತರ ಬಂದ ಕೋಚಿಶ್ ಮತ್ತು ಚಿಬೋರ್. ಅದೇ ಮೈದಾನದಲ್ಲಿ, ಅದೇ 3-2 ಅಂತರದಿಂದ, 1954ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಸೋತ ಹಂಗೇರಿ ತಂಡದಲ್ಲಿಯೂ ಅವರಿಬ್ಬರಿದ್ದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರಾದಾಗ ಆ ತಂಡದ ಮೂರು ಗೋಲುಗಳನ್ನು ಹೊಡೆದವನು ಪುಷ್ಕಾಷ್; ಅವನೂ ಈಗ ದೇಶ ಬಿಟ್ಟವನು. ಬೆನ್ಫಿಕಾ 5-3 ಅಂತರದಿಂದ ಗೆದ್ದಿತು. ಅದರ ಕೊನೆಯ ಎರಡು ಗೋಲುಗಳು ಪೋರ್ಚುಗಲ್ಲಿನ ವಸಾಹತು ಮೊಜಾಂಬಿಕ್‌ನಿಂದ ಬಂದ ತರುಣ ಎಉಸೇಬಿಯೋನವು. ಪಂದ್ಯ ಮುಗಿದ ಮೇಲೆ ಪುಷ್ಕಾಷ್ ತನ್ನ ಅಂಗಿಯನ್ನು ಎಉಸೇಬಿಯೋನಿಗೆ ಕೊಟ್ಟ. ಎರಡೂ ವರ್ಷ ಯುರೋಪಿನ ಅತ್ಯುಚ್ಚ ಪಂದ್ಯ ನಡೆದದ್ದು ಬಹುಮಟ್ಟಿಗೆ ಮನೆ ಕಳೆದುಕೊಂಡವರ ನಡುವೆ. ಶಿಬಿರದ ಕಿಟಕಿಯಿಂದ ಜಿಗಿದ ರಾತ್ರಿಗೂ ಬರ್ನ್ ನಗರದ ಆ ಸಂಜೆಗೂ ನಡುವೆ ಹದಿನೇಳು ವರ್ಷವೂ ಕಳೆದಿರಲಿಲ್ಲ.

ಈಗ ಶಾಪದ ಕಥೆಗೆ ಬರಬೇಕು. ಆ ಮಾತನ್ನು ಗುಟ್‌ಮನ್ ಆಡಿದನೆಂಬುದಕ್ಕೆ ಆ ಕಾಲದ ಗಟ್ಟಿ ಆಧಾರವಿಲ್ಲ. ಕಥೆಗೆ ವಿರುದ್ಧವಾದ ಆಧಾರ ಮಾತ್ರ ಎಲ್ಲರಿಗೂ ತೆರೆದಿದೆ: 1965-66ರಲ್ಲಿ ಗುಟ್‌ಮನ್ ಅದೇ ಬೆನ್ಫಿಕಾಕ್ಕೆ ಮತ್ತೆ ತರಬೇತುದಾರನಾಗಿ ಬಂದ. ನೂರು ವರ್ಷ ಶಪಿಸಿ ಹೋದವನು ನಾಲ್ಕನೆಯ ವರ್ಷಕ್ಕೆ ಅದೇ ಸಂಘದ ಸಂಬಳ ಎಣಿಸಿಕೊಂಡನೇ? ಶಪಿಸಲ್ಪಟ್ಟವರು ಅವನನ್ನೇ ಮತ್ತೆ ಕರೆದರೇ? ಸಾಮಾನ್ಯ ವಿವೇಕವೇ ಕೇಳಬೇಕಾದ ಈ ಪ್ರಶ್ನೆಯನ್ನು ಕಥೆಯ ಸೊಗಸು ಮುಚ್ಚಿಹಾಕಿದೆ.

ಇನ್ನೂ ಕಳವಳದ ವಿಷಯವೊಂದಿದೆ. ಈ ಕಥೆಯ ಎಲುಬುಗಳನ್ನು ಬಿಡಿಸಿ ನೋಡಿದರೆ ಉಳಿಯುವುದೇನು? ಒಬ್ಬ ಯಹೂದಿ, ಅವನ ಹಣದ ಬೇಡಿಕೆ, ಅದು ಈಡೇರದಿದ್ದಾಗ ಹುಟ್ಟಿದ ದ್ವೇಷ, ತಲೆತಲಾಂತರ ಕಾಡುವ ಕೇಡು. ಷೇಕ್ಸ್‌ಪಿಯರನ ಶೈಲಾಕನನ್ನು ತರಗತಿಯಲ್ಲಿ ಓದಿದ ವಿದ್ಯಾರ್ಥಿಗೆ ಈ ಮುಖ ಹೊಸದಲ್ಲ. ಶಾಪಕ್ಕೂ ಅಲೆದಾಟಕ್ಕೂ ಯಹೂದಿಯನ್ನು ಗಂಟುಹಾಕುವ ಐತಿಹ್ಯ ಯುರೋಪಿನಲ್ಲಿ ಮಧ್ಯಯುಗದಿಂದ ಬಂದದ್ದು. ಅಲ್ಲಿ ಯಹೂದಿಯೇ ಶಾಪಗ್ರಸ್ತ, ಲೋಕಾಂತ್ಯದವರೆಗೆ ಅಲೆಯಬೇಕಾದವನು. ಬೆನ್ಫಿಕಾದ ಅಭಿಮಾನಿ ಈ ಕಥೆ ಹೇಳುವಾಗ ದುರುದ್ದೇಶವಿರುತ್ತದೆಂದು ಹೇಳಲಾಗದು. ಹಳೆಯ ಅಚ್ಚುಗಳು ಹೇಳುವವನ ಉದ್ದೇಶಕ್ಕೆ ಕಾಯುವುದಿಲ್ಲ. ಸಿದ್ಧವಾಗಿರುವ ಅಚ್ಚಿಗೆ ಹೊಸ ಹೆಸರು ಬಂದು ಬೀಳುತ್ತದೆ, ಕಥೆ ಸಲೀಸಾಗಿ ಓಡುತ್ತದೆ. ಇದೇ ಬೇಡಿಕೆಯನ್ನು ಬೇರೊಬ್ಬ ತರಬೇತುದಾರ ಇಟ್ಟು, ನಿರಾಕರಣೆ ಕೇಳಿ ಕೆಲಸ ಬಿಟ್ಟಿದ್ದರೆ ಅದು ಕರಾರಿನ ವಿವಾದವೆನಿಸಿ ಒಂದು ವಾರದಲ್ಲಿ ಮರೆತುಹೋಗುತ್ತಿತ್ತು.

ಇದಕ್ಕೊಂದು ಆಕ್ಷೇಪ ಸಹಜ. ಗುಟ್‌ಮನ್ ತಾನೇ ಆ ವರ್ಷಗಳ ಬಗ್ಗೆ ಬಾಯಿಬಿಡಲಿಲ್ಲ. ತನ್ನನ್ನು ಗೆದ್ದವನಾಗಿ ನೋಡಬೇಕೆಂಬುದೇ ಅವನ ಇಚ್ಛೆಯಾಗಿದ್ದಿರಬಹುದು. ಅಂಥವನ ಅಟ್ಟವನ್ನು ಈಗ ತೆರೆದು ತೋರಿಸುವುದು ಅವನ ಮೌನಕ್ಕೆ ಮಾಡಿದ ಅಪಚಾರವಲ್ಲವೇ? ಆಕ್ಷೇಪದಲ್ಲಿ ತಿರುಳಿದೆ. ನೊಂದವರೆಲ್ಲರೂ ನೋವನ್ನು ಬರೆಯಲೇಬೇಕೆಂಬ ನಿಯಮವಿಲ್ಲ. ಇಟಲಿಯ ಪ್ರಿಮೋ ಲೆವಿ ಆಶ್‌ವಿಟ್ಸ್‌ನಿಂದ ಬಂದು 1947ರಲ್ಲಿಯೇ ತನ್ನ ಅನುಭವವನ್ನು ಪುಸ್ತಕವಾಗಿಸಿದ. ಮರಾಠಿಯಲ್ಲಿ ದಯಾ ಪವಾರರ 'ಬಲುತಂ', ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಅವಮಾನವನ್ನು ಹೆಸರಿಟ್ಟು ಹೇಳಿದವು. ಸಿದ್ಧಲಿಂಗಯ್ಯನವರ 'ಊರುಕೇರಿ' ಅದನ್ನು ನಗುವಿನ ಮೂಲಕ ದಾಟಿಸಿತು. ಬರೆಯದೆ ಉಳಿಯುವುದೂ ಹೀಗೆಯೇ ಒಂದು ಮಾರ್ಗ; ಅದನ್ನು ಆರಿಸಿಕೊಳ್ಳುವ ಹಕ್ಕು ಬದುಕಿದವನದು.

ಆದರೆ ಬದುಕಿದವನ ಮೌನ ಒಂದು, ಚರಿತ್ರೆ ಬರೆಯುವವರ ಮೌನ ಇನ್ನೊಂದು. ಗುಟ್‌ಮನ್ ಹೇಳದಿದ್ದುದು ತನ್ನ ನೋವನ್ನು. ಅವನ ಕುರಿತು ಬರೆದವರು ಹೇಳದಿದ್ದುದು ಅವನ ತಂದೆಯ, ಸೋದರಿಯ, ವೈಸ್ ಮತ್ತು ಬ್ರೌನರ ಸಾವನ್ನು, ಜೊತೆಗೆ ಅಟ್ಟದ ಬಾಗಿಲು ತೆರೆದಿಟ್ಟ ಒಂದು ಕುಟುಂಬದ ಧೈರ್ಯವನ್ನು. ಈ ವಿಷಯಗಳು ಗುಟ್‌ಮನ್ನನೊಬ್ಬನ ಸ್ವಂತ ಆಸ್ತಿಯಲ್ಲ, ಲೋಕಕ್ಕೆ ಸೇರಿದ ಲೆಕ್ಕ. ಅಷ್ಟೇ ಅಲ್ಲ, ಅವನು ಬಿಟ್ಟ ಜಾಗ ಖಾಲಿಯಾಗಿ ಉಳಿದಿದ್ದರೆ ಮೌನಕ್ಕೆ ಮರ್ಯಾದೆ ಸಂದಿತ್ತು ಎನ್ನಬಹುದಿತ್ತು. ಅದು ಖಾಲಿಯಾಗಿ ಉಳಿಯಲಿಲ್ಲ. ಶಾಪ, ಇಲಿ, ತರಕಾರಿಗಳ ಕಥೆಗಳು ಬಂದು ಕುಳಿತವು. ಹೇಳದೆ ಬಿಟ್ಟ ಬದುಕಿನಲ್ಲಿ ಬೇರೆಯವರ ಕಥೆ ಬಿಡಾರ ಹೂಡುತ್ತದೆ ಎಂಬುದನ್ನು ಜೀವನಚರಿತ್ರೆಯ ವಿದ್ಯಾರ್ಥಿ ನೆನಪಿಡಬೇಕು.

ಇದರಿಂದ ಅಭ್ಯಾಸಕ್ಕೆ ಒದಗುವ ಕ್ರಮ ಸರಳವಾದದ್ದು. ಯಾವುದೇ ಜೀವನಚರಿತ್ರೆಯನ್ನು ಕೈಗೆತ್ತಿಕೊಂಡಾಗ ವರ್ಷಗಳನ್ನು ಸಾಲಾಗಿ ಬರೆದುಕೊಳ್ಳಬೇಕು. ಯಾವ ವರ್ಷಗಳಿಗೆ ಪುಟಗಳೇ ಇಲ್ಲ ಎಂದು ಗುರುತಿಸಬೇಕು. ಆ ವರ್ಷಗಳಲ್ಲಿ ಆ ನಾಡಿನಲ್ಲಿ ಯಾವ ಕಾನೂನು ಬಂತು, ಯಾರ ಮನೆ ಖಾಲಿಯಾಯಿತು, ಯಾರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು ಎಂದು ಹುಡುಕಬೇಕು. ಹೆಚ್ಚು ನಗಿಸುವ, ಹೆಚ್ಚು ಬೆರಗುಗೊಳಿಸುವ ಪ್ರಸಂಗ ಎದುರಾದಾಗ, ಇದನ್ನು ಮೊದಲು ಹೇಳಿದವರು ಯಾರು, ಇದರಿಂದ ಯಾರಿಗೆ ಅನುಕೂಲ ಎಂದು ಕೇಳಬೇಕು. ಬೆನ್ಫಿಕಾದ ಮಟ್ಟಿಗೆ ಉತ್ತರ ಸ್ಪಷ್ಟ: ಎಂಟು ಅಂತಿಮ ಪಂದ್ಯಗಳನ್ನು ಆಟದಲ್ಲಿ ಸೋತೆವು ಎನ್ನುವುದಕ್ಕಿಂತ ಶಾಪದಿಂದ ಸೋತೆವು ಎನ್ನುವುದು ಮನಸ್ಸಿಗೆ ಹಗುರ.

ಗುಟ್‌ಮನ್ 1981ರ ಆಗಸ್ಟ್ 28ರಂದು ವಿಯೆನ್ನಾದಲ್ಲಿ ತೀರಿಕೊಂಡ. 2014ರಲ್ಲಿ ಬೆನ್ಫಿಕಾ ಸಂಘ ತನ್ನ ಕ್ರೀಡಾಂಗಣದ ಬಳಿ ಅವನ ಪ್ರತಿಮೆಯನ್ನು ನಿಲ್ಲಿಸಿತು. ಎರಡು ಕಪ್ಪುಗಳನ್ನು ಹಿಡಿದು ನಿಂತ ಗುಟ್‌ಮನ್. ಆ ಪ್ರತಿಮೆಯ ಮುಂದೆ ನಿಲ್ಲುವವರು ಶಾಪದ ಮಾತಾಡಿಕೊಳ್ಳುತ್ತಾರೆ. ಊಯ್‌ಪೆಶ್ತಿನ ಅಟ್ಟವನ್ನೂ ಅವರು ತಿಳಿದಿರಬೇಕು. ಆ ಕಪ್ಪುಗಳನ್ನು ಹಿಡಿದವನು ಎಷ್ಟು ದೂರದಿಂದ ನಡೆದು ಬಂದನೆಂಬುದು ಅದನ್ನು ತಿಳಿಯದೆ ಅರ್ಥವಾಗುವುದಿಲ್ಲ.